ಮೂರು ಕ್ಲಿನಿಕ್, ಮೂರು ದರ, ಒಂದೇ ಕಣ್ಣು

ಚರ್ಮದ ಮಾತು: ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ನನಗೆ 39 ವರ್ಷ, ಹೈಸ್ಕೂಲ್ ಟೀಚರ್. ಕಾಲೇಜಿನಲ್ಲಿದ್ದಾಗಿನಿಂದಲೂ ಕಣ್ಣಿನ ಕೆಳಗೆ ಕಪ್ಪು. ನಮ್ಮ ಅಪ್ಪಾಜಿಗೂ ಹೀಗೇ ಇತ್ತು. ಈಚೆಗೆ ಕಪ್ಪಿನ ಜೊತೆ ಗುಳಿಯೂ ಬಿದ್ದಿದೆ. ಶಾಲೆಯಲ್ಲಿ ಮಕ್ಕಳೇ ‘ಟೀಚರ್, ಹುಷಾರಿಲ್ವಾ?’ ಅಂತ ಕೇಳುತ್ತಾರೆ. ಇನ್ನು ನಾಲ್ಕು ತಿಂಗಳಿಗೆ ತಂಗಿಯ ಮದುವೆ. ಮೂರು ಕಡೆ ವಿಚಾರಿಸಿದೆ. ಒಬ್ಬರು ಫಿಲ್ಲರ್ ಹಾಕಿಸಿ ಅಂದರು, ಎರಡು ಸಿರಿಂಜಿಗೆ 52,000 ರೂಪಾಯಿ. ಇನ್ನೊಬ್ಬರು ಲೇಸರ್, ನಾಲ್ಕು ವಾರಕ್ಕೊಂದರಂತೆ ಆರು ಸಿಟ್ಟಿಂಗ್, 30,000. ಮೂರನೆಯವರು ಪಿಆರ್‌ಪಿ ಮತ್ತು ‘ಗ್ಲೋ ಡ್ರಿಪ್’ ಸೇರಿಸಿ 40,000ದ ಪ್ಯಾಕೇಜ್, ಇವತ್ತೇ ಕಟ್ಟಿದರೆ 5,000 ಬಿಡುತ್ತೇವೆ ಅಂದರು. ಬೆಳಿಗ್ಗೆ ಎದ್ದ ಕೂಡಲೇ ಹತ್ತಿಪ್ಪತ್ತು ಸೀನು ಬರುತ್ತವೆ, ಕಣ್ಣು ತುರಿಸುತ್ತದೆ. ಅದು ಬಿಟ್ಟರೆ ಆರೋಗ್ಯವಾಗಿದ್ದೇನೆ. ಮೂರು ವಾರಕ್ಕೊಮ್ಮೆ ತಲೆಗೆ ಡೈ ಹಾಕುತ್ತೇನೆ. ಮೆಡಿಕಲ್ ಶಾಪಿನವರು ಕೊಟ್ಟ ಒಂದು ಕ್ರೀಮನ್ನು ವರ್ಷದಿಂದ ಹಚ್ಚುತ್ತಿದ್ದೇನೆ. ಮೊದಮೊದಲು ಕಪ್ಪು ಇಳಿದಿತ್ತು, ಈಗ ಹಚ್ಚುವುದು ಬಿಟ್ಟರೆ ಉರಿಯುತ್ತದೆ. ಈ ಮೂರರಲ್ಲಿ ಯಾವುದು ಒಳ್ಳೆಯದು?
– ಒಬ್ಬ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಟೀಚರ್, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂವರೂ ದರ ಹೇಳಿದ್ದನ್ನು ರೂಪಾಯಿ ಸಮೇತ ಬರೆದಿದ್ದೀರಿ. ಮೂವರಲ್ಲಿ ಒಬ್ಬರಾದರೂ ನಿಮ್ಮನ್ನು ಕಿಟಕಿ ಹತ್ತಿರ ಕೂರಿಸಿ, ಆ ಕಪ್ಪು ಚರ್ಮವನ್ನು ಬೆರಳಿನಿಂದ ಎಳೆದು ನೋಡಿದರು ಅಂತ ಬರೆದಿಲ್ಲ. ಹಾಗಾಗಿ ಯಾವುದು ಒಳ್ಳೆಯದು ಅನ್ನುವ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಯಾಕೆಂದರೆ ನಾವೆಲ್ಲ ‘ಡಾರ್ಕ್ ಸರ್ಕಲ್’ ಅನ್ನುವುದು ಒಂದು ಕಾಯಿಲೆಯ ಹೆಸರಲ್ಲ. ಬೇರೆಬೇರೆ ಮೂರು ಸಂಗತಿಗಳಿಗೆ ಒಂದೇ ಹೆಸರು ಇಟ್ಟುಕೊಂಡಿದ್ದೇವೆ, ಅಷ್ಟೆ.

ಒಂದು, ಚರ್ಮದ್ದೇ ಬಣ್ಣ. ಮೆಲನಿನ್ ಹೆಚ್ಚಾಗಿ ಕಂದು ಕಪ್ಪಾಗುವುದು. ಎರಡು, ರಕ್ತನಾಳದ ಬಣ್ಣ. ಕಣ್ಣಿನ ರೆಪ್ಪೆಯ ಚರ್ಮ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪ, ಮೈಯಲ್ಲೇ ತೀರ ತೆಳ್ಳಗಿನದು. ಅದರ ಕೆಳಗೆ ಕೊಬ್ಬೂ ಇಲ್ಲದಿರುವುದರಿಂದ ನಾಳಗಳು ನೀಲಿ ನೇರಳೆಯಾಗಿ ತೋರುತ್ತವೆ, ತೆಳು ಪಂಚೆಯ ಒಳಗಿನ ಬಣ್ಣದ ಚಡ್ಡಿಯ ಹಾಗೆ. (ಹೋಲಿಕೆ ಚೆನ್ನಾಗಿಲ್ಲ, ಆದರೆ ಯಾರೂ ಮರೆಯುವುದಿಲ್ಲ.) ಮೂರನೆಯದು ಬಣ್ಣವೇ ಅಲ್ಲ, ನೆರಳು. ವಯಸ್ಸಾದಂತೆ ಕೆನ್ನೆಯ ಕೊಬ್ಬು ಕರಗಿ ಕೆಳಗಿಳಿಯುತ್ತದೆ, ಕಣ್ಣಿನ ಮೂಲೆಯಿಂದ ಕೆನ್ನೆಯ ಕಡೆಗೆ ಒಂದು ಕಾಲುವೆ ಬೀಳುತ್ತದೆ, ಮೇಲಿನಿಂದ ಬಿದ್ದ ಬೆಳಕು ಅಲ್ಲಿ ಇಳಿಯುವುದಿಲ್ಲ.

ನಾಳೆ ಬೆಳಿಗ್ಗೆ ಮುಖ ತೊಳೆದು, ಕೈಕನ್ನಡಿ ಹಿಡಿದು ಕಿಟಕಿಗೆ ಮುಖ ಮಾಡಿ ನಿಲ್ಲಿ. ಟ್ಯೂಬ್‌ಲೈಟ್ ಬೇಡ. ತಲೆಯ ಮೇಲೆ ಟ್ಯೂಬ್‌ಲೈಟ್ ಇದ್ದರೆ ಚಲನಚಿತ್ರ ನಟಿಗೂ ಕಣ್ಣ ಕೆಳಗೆ ಕಪ್ಪಿರುತ್ತದೆ. ಕೆಳಗಿನ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಕೆನ್ನೆಯ ಕಡೆ ಎಳೆಯಿರಿ. ಕಂದು ಬಣ್ಣ ಚರ್ಮದ ಜೊತೆಗೇ ಸರಿದು ಹಾಗೇ ಉಳಿದರೆ ಅದು ಮೆಲನಿನ್. ಎಳೆದಾಗ ನೀಲಿ ಇನ್ನೂ ಎದ್ದು ಕಂಡರೆ ರಕ್ತನಾಳ. ಎಳೆದಾಗ ಕಪ್ಪು ಮಾಯವಾದರೆ, ಅಥವಾ ಗದ್ದ ಮೇಲೆತ್ತಿ ಬೆಳಕನ್ನು ನೋಡಿದಾಗ ಮಾಯವಾದರೆ ಅದು ನೆರಳು. ನಮ್ಮ ಜನರಲ್ಲಿ ನಾನು ಹೆಚ್ಚಾಗಿ ನೋಡುವುದು ಮೂರರ ಮಿಶ್ರಣ. ಆದರೂ ಯಾವುದು ಎಷ್ಟು ಪಾಲು ಅನ್ನುವುದು ಗೊತ್ತಾಗಬೇಕು. ನೆರಳಿಗೆ ಲೇಸರ್ ಹೊಡೆಸಿಕೊಂಡು, ಮೆಲನಿನ್‌ಗೆ ಗುಳಿ ತುಂಬುವ ಫಿಲ್ಲರ್ ತುಂಬಿಸಿಕೊಂಡು ಬಂದವರನ್ನು ಎಷ್ಟು ಜನರನ್ನು ನೋಡಿದ್ದೇನೋ. ಹೊಲದಲ್ಲಿ ಕಳೆ ಬೆಳೆದಿದೆ ಅಂತ ಬಾವಿ ತೋಡಿಸಿದಂತೆ.

ನಿಮ್ಮ ಪತ್ರದಲ್ಲಿ ನೀವೇ ನಾಲ್ಕು ಸುಳಿವು ಕೊಟ್ಟಿದ್ದೀರಿ. ಅಪ್ಪನಿಗೂ ಇತ್ತು: ಇದು ಮೆಲನಿನ್ ಪಾಲು, ವಂಶದಿಂದ ಬಂದದ್ದು, ತಿಳಿಯಾಗುತ್ತದೆಯೇ ಹೊರತು ಬೇರು ಸಮೇತ ಹೋಗುವುದಿಲ್ಲ. ಈಚೆಗೆ ಗುಳಿ ಬಿತ್ತು: ನೆರಳಿನ ಪಾಲು. ಬೆಳಗಿನ ಸೀನು: ಮೂಗಿನ ಅಲರ್ಜಿ. ಮೂಗಿನ ಒಳಪದರ ಊದಿಕೊಂಡಾಗ ಕಣ್ಣಿನ ಕೆಳಗಿನ ರಕ್ತ ಸರಾಗವಾಗಿ ಹಿಂದಿರುಗದೆ ನಿಲ್ಲುತ್ತದೆ, ನೀಲಿ ಏರುತ್ತದೆ. ಅದರ ಜೊತೆ ಕಣ್ಣು ಉಜ್ಜುತ್ತೀರಿ. ಉಜ್ಜಿದ ಚರ್ಮ ನಮ್ಮ ಮೈಬಣ್ಣದವರಲ್ಲಿ ಕಪ್ಪಾಗಿಯೇ ತೀರುತ್ತದೆ. ದೇವರ ಮುಂದೆ ಕೂತು ಕೂತು ಕಾಲಿನ ಗಿಣ್ಣು ಕಪ್ಪಾಗುವುದಿಲ್ಲವೇ, ಅದೇ ಲೆಕ್ಕ. ಇದನ್ನು ನೀವು ‘ಅದು ಬಿಟ್ಟರೆ ಆರೋಗ್ಯ’ ಅಂತ ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ನನ್ನ ಮಟ್ಟಿಗೆ ಪತ್ರದ ಮುಖ್ಯ ಸಾಲುಗಳಲ್ಲಿ ಅದೊಂದು.

ಇನ್ನೊಂದು ಮುಖ್ಯ ಸಾಲು ಆ ಕ್ರೀಮಿನದು. ಹೆಸರು ಬರೆದಿಲ್ಲ, ಬರೆದಿದ್ದರೂ ಇಲ್ಲಿ ಅಚ್ಚು ಮಾಡುತ್ತಿರಲಿಲ್ಲ. ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೋಲೋನ್ ಇವುಗಳಲ್ಲಿ ಯಾವುದಾದರೂ ಇದೆಯೇ ನೋಡಿ. ಇದ್ದರೆ ಅದು ಸ್ಟಿರಾಯ್ಡ್. ಮೊದಮೊದಲು ಬಿಳುಪಾಗಿಸುತ್ತದೆ, ಆಮೇಲೆ ಚರ್ಮವನ್ನು ಇನ್ನೂ ತೆಳ್ಳಗೆ ಮಾಡುತ್ತದೆ, ನಾಳಗಳು ಎದ್ದು ಕಾಣುತ್ತವೆ, ಬಿಟ್ಟರೆ ಉರಿ. ನೀವು ಬರೆದದ್ದು ಅದೇ ಕತೆ. ಕಣ್ಣಿನ ಹತ್ತಿರ ತಿಂಗಳುಗಟ್ಟಲೆ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬರಬಹುದು. ವೈದ್ಯರ ಚೀಟಿ ಇಲ್ಲದೆ ಇವನ್ನು ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿತು. ಅಂಗಡಿಯಲ್ಲಿ ಈಗಲೂ ಎಷ್ಟು ಸಲೀಸಾಗಿ ಸಿಗುತ್ತದೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಮ್ಮೆಲೇ ಬಿಟ್ಟರೆ ಮುಖ ಕೆಂಡವಾಗುತ್ತದೆ. ಚರ್ಮವೈದ್ಯರ ಹತ್ತಿರ ಟ್ಯೂಬನ್ನೇ ತೆಗೆದುಕೊಂಡು ಹೋಗಿ, ಅವರು ಹಂತಹಂತವಾಗಿ ಬಿಡಿಸುತ್ತಾರೆ. ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ಒತ್ತಡ ಅಳೆಸಿ. ಇದು ಮುಗಿಯುವವರೆಗೆ ಲೇಸರ್, ಪೀಲ್, ಸೂಜಿ ಯಾವುದೂ ಬೇಡ. ತೆಳ್ಳಗಾದ ಚರ್ಮದ ಮೇಲೆ ಏನು ಮಾಡಿದರೂ ಅದು ಮುನಿಸಿಕೊಳ್ಳುತ್ತದೆ.

ಡೈಯನ್ನೂ ಸುಮ್ಮನೆ ಬಿಡುವ ಹಾಗಿಲ್ಲ. ಕಪ್ಪು ಡೈಗಳಲ್ಲಿ, ಅಂಗಡಿಯ ‘ಕಪ್ಪು ಮೆಹಂದಿ’ಯಲ್ಲೂ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಅದರ ಅಲರ್ಜಿ ತಲೆಯಲ್ಲಿ ಕಾಣದೆ ರೆಪ್ಪೆಯಲ್ಲಿ ಕಾಣುವುದು ಮಾಮೂಲು, ಅಲ್ಲಿನ ಚರ್ಮ ತೆಳು. ಡೈ ಹಾಕಿದ ಎರಡು ಮೂರು ದಿನ ತುರಿಕೆ ಹೆಚ್ಚುತ್ತದೆಯೇ ಗಮನಿಸಿ. ಅನುಮಾನ ಬಂದರೆ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಪಟ್ಟಿ ಅಂಟಿಸಿ, 48 ಗಂಟೆಗೆ ತೆಗೆದು ನೋಡಿ, 96 ಗಂಟೆಗೆ ಮತ್ತೊಮ್ಮೆ ನೋಡುತ್ತಾರೆ. ಮೆಡಿಕಲ್ ಕಾಲೇಜಿನ ಚರ್ಮ ವಿಭಾಗದಲ್ಲಿ ವಿಚಾರಿಸಿದರೆ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಹಾಗೇ ಒಂದು ಹಿಮೋಗ್ಲೋಬಿನ್ ಪರೀಕ್ಷೆ. ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಮುಖ ಬಿಳಿಚಿಕೊಂಡರೆ ಕಣ್ಣ ಕೆಳಗಿನ ಕಪ್ಪು ಇನ್ನಷ್ಟು ಎದ್ದು ಕಾಣುತ್ತದೆ. 12 ಗ್ರಾಂಗಿಂತ ಕಡಿಮೆ ಇದ್ದರೆ ಮೊದಲು ಕಬ್ಬಿಣದ ಮಾತ್ರೆ, ಆಮೇಲೆ ಫಿಲ್ಲರಿನ ಮಾತು.

ಈಗ ನಿಮ್ಮ ಮೂರು ದರಪಟ್ಟಿಗೆ ಬರುತ್ತೇನೆ.

ಲೇಸರ್ ಮೊದಲು, ಯಾಕೆಂದರೆ ಅದರಲ್ಲಿ ಕೂಡುವ ಲೆಕ್ಕವೇ ತಪ್ಪಿದೆ. ನಾಲ್ಕು ವಾರಕ್ಕೊಂದರಂತೆ ಆರು ಸಿಟ್ಟಿಂಗ್ ಅಂದರೆ ಮೊದಲನೆಯದರಿಂದ ಆರನೆಯದಕ್ಕೆ 20 ವಾರ. ಮದುವೆಗೆ ಉಳಿದಿರುವುದು 17. ಕೊನೆಯ ಸಿಟ್ಟಿಂಗ್ ಹೊತ್ತಿಗೆ ನಿಮ್ಮ ತಂಗಿ ಗಂಡನ ಮನೆಯಲ್ಲಿರುತ್ತಾಳೆ. ಅದು ಹಾಗಿರಲಿ. ಮೆಲನಿನ್‌ಗೆ ಬಳಸುವುದು ಸಾಮಾನ್ಯವಾಗಿ ಕ್ಯೂ-ಸ್ವಿಚ್ಡ್ ಎನ್‌ಡಿ ಯಾಗ್, 1064 ನ್ಯಾನೋಮೀಟರಿನದು. ಕಡಿಮೆ ಶಕ್ತಿಯಲ್ಲಿ, ನಿಧಾನಕ್ಕೆ, ಅನುಭವಿ ಕೈ ಮಾಡಿದರೆ ಕಂದು ತಿಳಿಯಾಗುತ್ತದೆ. ಶಕ್ತಿ ಸ್ವಲ್ಪ ಜಾಸ್ತಿಯಾದರೆ ನಮ್ಮ ಚರ್ಮ ತಿರುಗಿಬಿದ್ದು ಮೊದಲಿಗಿಂತ ಕಪ್ಪಾಗುತ್ತದೆ, ಕೆಲವರಿಗೆ ಬಿಳಿ ಚುಕ್ಕೆಯೂ ಉಳಿಯುತ್ತದೆ. ರೆಪ್ಪೆಯ ಅಂಚಿಗೆ ಹೋಗಬೇಕಾದರೆ ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಯ ಒಳಗೆ ಲೋಹದ ಮುಚ್ಚಳ ಇಡಬೇಕು. ‘ಕಣ್ಣು ಗಟ್ಟಿ ಮುಚ್ಚಿಕೊಳ್ಳಿ, ಏನಾಗಲ್ಲ’ ಅಂದರೆ ಕುರ್ಚಿಯಿಂದ ಎದ್ದು ಬನ್ನಿ. ಗುಳಿಗೆ ಈ ಲೇಸರ್ ಏನೂ ಮಾಡುವುದಿಲ್ಲ. ನೀಲಿ ನಾಳಗಳಿಗೆ ಬೇರೆ ಲೇಸರ್ ಇದೆ, ನಿಮಗೆ ಹೇಳಿದ್ದು ಅದಲ್ಲ ಅನ್ನಿಸುತ್ತದೆ.

ಫಿಲ್ಲರ್ ಬಗ್ಗೆ ಜನರಿಗೆ ಹೆದರಿಕೆ ಜಾಸ್ತಿ, ನನಗೆ ಗೌರವ ಜಾಸ್ತಿ. ಸರಿಯಾದ ಮುಖಕ್ಕೆ ಹಾಕಿದರೆ ಅದೇ ದಿನ ಬದಲಾವಣೆ ಕಾಣುವುದು ಇದೊಂದರಲ್ಲೇ. ಹಯಾಲುರಾನಿಕ್ ಆಮ್ಲದ ಜೆಲ್ಲನ್ನು ಆ ಕಾಲುವೆಯಲ್ಲಿ ಮೂಳೆಯ ಹತ್ತಿರ ಆಳಕ್ಕೆ ಇಡುತ್ತಾರೆ, ಗುಳಿ ತುಂಬುತ್ತದೆ, ನೆರಳು ಹೋಗುತ್ತದೆ. ಹೆಚ್ಚುಕಡಿಮೆ ಒಂದು ವರ್ಷ ನಿಲ್ಲುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು. ಬೇಡವಾದರೆ ಹಯಾಲುರೋನಿಡೇಸ್ ಚುಚ್ಚಿ ಕರಗಿಸಬಹುದು. ಆದರೆ ಮೇಲುಮೇಲೆ ಇಟ್ಟರೆ ಚರ್ಮದ ಕೆಳಗೆ ನೀಲಿ ಗೆರೆ ಮೂಡಿ, ಹೋದ ಕಪ್ಪಿನ ಜಾಗಕ್ಕೆ ನೀಲಿ ಬಂದು ಕೂರುತ್ತದೆ. ಜೆಲ್ ನೀರು ಹೀರುತ್ತದೆ, ಆದ್ದರಿಂದ ಬೆಳಿಗ್ಗೆ ಕಣ್ಣು ಊದಿಕೊಳ್ಳುವವರಿಗೆ, ಕೆಳಗೆ ಕೊಬ್ಬಿನ ಚೀಲ ಇರುವವರಿಗೆ ಇದು ಹೊಂದುವುದಿಲ್ಲ. ಮೂಗಿನ ಅಲರ್ಜಿ ಇರುವ ನಿಮ್ಮನ್ನು ‘ಬೆಳಿಗ್ಗೆ ಊತ ಇರುತ್ತಾ?’ ಅಂತ ಕೇಳಬೇಕಿತ್ತು. ಅಪರೂಪವಾದರೂ ಮುಚ್ಚಿಡಬಾರದ ಮಾತು: ಜೆಲ್ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ದೃಷ್ಟಿಯೇ ಹೋದ ಪ್ರಕರಣಗಳೂ ಜಗತ್ತಿನಲ್ಲಿ ಆಗಿವೆ. ಅದಕ್ಕೇ ಮೊದಲೇ ಕೇಳಿ, ‘ನಿಮ್ಮ ಫ್ರಿಜ್‌ನಲ್ಲಿ ಹಯಾಲುರೋನಿಡೇಸ್ ಇದೆಯಾ?’ ಇಲ್ಲ, ಬೇಕಾದರೆ ತರಿಸುತ್ತೇವೆ ಅಂದರೆ ಅಲ್ಲಿ ಬೇಡ. ಎರಡು ಸಿರಿಂಜ್ ಅಂದಿದ್ದಾರಲ್ಲ, ಅದೂ ನನಗೆ ಸರಿ ಕಾಣಲಿಲ್ಲ. ಮೊದಲ ಸಲಕ್ಕೆ ಎರಡೂ ಕಣ್ಣು ಸೇರಿ ಒಂದು ಮಿಲಿ, ಅಂದರೆ ಒಂದು ಸಿರಿಂಜ್, ಸಾಮಾನ್ಯವಾಗಿ ಸಾಕಾಗುತ್ತದೆ. ಇಲ್ಲಿ ಕಡಿಮೆ ತುಂಬಿದವನೇ ಜಾಣ. ನೀಲಿಗಟ್ಟುವುದು, ಊತ ಎರಡು ವಾರ ಇರಬಹುದು, ಮದುವೆಯ ತಿಂಗಳಲ್ಲಿ ಹಾಕಿಸುವಂತಿಲ್ಲ.

ಪಿಆರ್‌ಪಿ ಅಂದರೆ ನಿಮ್ಮದೇ ರಕ್ತ ಹತ್ತಿಪ್ಪತ್ತು ಮಿಲಿ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಹಳದಿ ದ್ರವವನ್ನು ಕಣ್ಣ ಕೆಳಗೆ ಚುಚ್ಚುವುದು. ಚರ್ಮ ಸ್ವಲ್ಪ ನಯವಾಗುತ್ತದೆ, ಸಣ್ಣ ಸುಕ್ಕು ಕಡಿಮೆಯಾಗುತ್ತದೆ. ಬಣ್ಣಕ್ಕೆ ಅದು ಮಾಡುವ ಉಪಕಾರ ಅಷ್ಟಕ್ಕಷ್ಟೆ, ನಡೆದ ಅಧ್ಯಯನಗಳೂ ಸಣ್ಣಸಣ್ಣವು. ಕೂದಲಿಗೆ ನಾನೂ ಮಾಡುತ್ತೇನೆ, ಕಣ್ಣಿಗೆ ಕೇಳಿದವರಿಗೆ ‘ದುಡ್ಡು ಉಳಿಸಿಕೊಳ್ಳಿ’ ಅನ್ನುತ್ತೇನೆ. ಗ್ಲೋ ಡ್ರಿಪ್ ಅಂದರೆ ಹೆಚ್ಚಾಗಿ ಗ್ಲುಟಾಥಿಯೋನ್ ಅನ್ನು ರಕ್ತನಾಳಕ್ಕೆ ಹನಿಸುವುದು. ಚರ್ಮ ಬಿಳುಪಾಗಿಸಲು ಅದಕ್ಕೆ ನಮ್ಮಲ್ಲಿ ಮಾನ್ಯತೆ ಇಲ್ಲ. ಇವತ್ತೇ ಕಟ್ಟಿದರೆ 5,000 ಬಿಡುವುದು ಸೀರೆ ಅಂಗಡಿಗೆ ಸರಿ.

ನಿಮಗೆ ಯಾರೂ ಹೇಳದ ಒಂದು ಇದೆ, ಪೀಲ್. ಮೆಲನಿನ್‌ಗೆ ಲೇಸರಿಗಿಂತ ಅಗ್ಗ. ಲ್ಯಾಕ್ಟಿಕ್ ಆಮ್ಲ ಅಥವಾ ಸೌಮ್ಯ ಗ್ಲೈಕಾಲಿಕ್ ಆಮ್ಲವನ್ನು ಎರಡು ಮೂರು ನಿಮಿಷ ಹಚ್ಚಿ ತೆಗೆಯುತ್ತೇವೆ, ಎರಡು ಮೂರು ವಾರಕ್ಕೊಮ್ಮೆ, ನಾಲ್ಕೈದು ಸಲ. ಇದರ ಬಗ್ಗೆ ಬರೆಯುವಾಗ ನನ್ನ ತಪ್ಪನ್ನೂ ಹೇಳಬೇಕು. ದಾವಣಗೆರೆಯಲ್ಲಿ ಕ್ಲಿನಿಕ್ ತೆರೆದ ಮೂರನೇ ವರ್ಷ ಒಬ್ಬ ಹೆಣ್ಣುಮಗಳು ಬಂದಿದ್ದಳು. ಮೂರು ವಾರಕ್ಕೆ ನಿಶ್ಚಿತಾರ್ಥ. ಅವಸರ ಅವಳದು, ಅವಸರಕ್ಕೆ ಒಪ್ಪಿದ್ದು ನನ್ನದು. ಮೊದಲ ಸಲವೇ ಸ್ವಲ್ಪ ಗಟ್ಟಿ ದ್ರಾವಣ ಹಚ್ಚಿದೆ, ಅರ್ಧ ನಿಮಿಷ ಹೆಚ್ಚು ಬಿಟ್ಟೆ. ಅವಳು ರಾತ್ರಿ ರೆಟಿನಾಲ್ (ವಿಟಮಿನ್ ಎ ಬಗೆಯ ಔಷಧಿ) ಹಚ್ಚುತ್ತಾಳೆ ಅಂತ ಕೇಳಿ ತಿಳಿದುಕೊಂಡಿರಲಿಲ್ಲ. ವಾರದಲ್ಲಿ ಕಣ್ಣಿನ ಸುತ್ತ ಹೆಂಚಿನ ಮಸಿ ಒತ್ತಿದ ಹಾಗೆ ಎರಡು ಬಳೆ. ತಿಳಿಯಾಗಲು ಎಂಟು ತಿಂಗಳು ಹಿಡಿಯಿತು. ದುಡ್ಡು ವಾಪಸ್ ಕೊಟ್ಟೆ, ನಿಶ್ಚಿತಾರ್ಥದ ಫೋಟೋ ವಾಪಸ್ ಕೊಡಲಾಗಲಿಲ್ಲ. ಅವಳು ಈಗಲೂ ನನ್ನ ಹತ್ತಿರವೇ ಬರುತ್ತಾಳೆ, ಮಗಳ ಮೊಡವೆಗೆ. ಅಂದಿನಿಂದ ಕಾರ್ಯಕ್ರಮದ ತಾರೀಕು ಮೊದಲು ಕೇಳುತ್ತೇನೆ, ಒಂದೂವರೆ ತಿಂಗಳೊಳಗಿದ್ದರೆ ಕೈಯಲ್ಲಿ ಬ್ರಷ್ ಹಿಡಿಯುವುದಿಲ್ಲ. ಬ್ಯೂಟಿ ಪಾರ್ಲರಿನಲ್ಲಿ ಕಣ್ಣ ಹತ್ತಿರ ಪೀಲ್ ಅಂದರೆ ದಯವಿಟ್ಟು ಬೇಡ.

ಹಚ್ಚುವ ಔಷಧಿಗಳಲ್ಲಿ ನನಗೆ ನಂಬಿಕೆ ಇರುವುದು ಕೆಲವೇ. ರಾತ್ರಿ ವಾರಕ್ಕೆರಡು ಸಲ ಕಡಿಮೆ ಶಕ್ತಿಯ ರೆಟಿನಾಲ್, ಎರಡೂ ಕಣ್ಣಿಗೆ ಸೇರಿ ಒಂದು ಅಕ್ಕಿಕಾಳಿನಷ್ಟು, ರೆಪ್ಪೆಯ ಅಂಚಿಗಲ್ಲ, ಕೆಳಗಿನ ಮೂಳೆಯ ಮೇಲೆ. ಬಸುರಿಯರು ಮುಟ್ಟಬಾರದು. ಬೆಳಿಗ್ಗೆ ನಯಾಸಿನಮೈಡ್ ಅಥವಾ ವಿಟಮಿನ್ ಸಿ. ಕೆಫೀನ್ ಇರುವ ಜೆಲ್ ಬೆಳಗಿನ ಊತವನ್ನು ಕೆಲವು ಗಂಟೆ ಇಳಿಸುತ್ತದೆ, ಅಷ್ಟೇ ಅದರ ಆಯಸ್ಸು. ಹೈಡ್ರೋಕ್ವಿನೋನ್ ವರ್ಷಗಟ್ಟಲೆ ಹಚ್ಚಿದವರಿಗೆ ನೀಲಿಗಪ್ಪು ಕಲೆ ಶಾಶ್ವತವಾಗಿ ಕೂತದ್ದನ್ನು ನೋಡಿದ್ದೇನೆ, ವೈದ್ಯರ ನಿಗಾ ಇಲ್ಲದೆ ಅದು ಬೇಡ. ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಸನ್‌ಸ್ಕ್ರೀನ್. ಜಿಂಕ್ ಆಕ್ಸೈಡ್ ಇರುವುದು ಕಣ್ಣಿಗೆ ಉರಿ ಕಡಿಮೆ. ಕಬ್ಬಿಣದ ಆಕ್ಸೈಡ್ ಬೆರೆತ, ಮೈಬಣ್ಣದ ಛಾಯೆಯದು ಇನ್ನೂ ಒಳ್ಳೆಯದು. ನಮ್ಮ ಬಣ್ಣದ ಚರ್ಮವನ್ನು ಕಣ್ಣಿಗೆ ಕಾಣುವ ಬೆಳಕು ಕೂಡ ಕಪ್ಪಾಗಿಸುತ್ತದೆ, ಆ ಛಾಯೆ ಅದನ್ನು ತಡೆಯುತ್ತದೆ. ಎಂಟು ಹನ್ನೆರಡು ವಾರ ಬಿಡದೆ ಹಚ್ಚಿದ ಮೇಲೆಯೇ ಆಯಿತು ಇಲ್ಲ ಅನ್ನುವ ತೀರ್ಮಾನ.

ಶಸ್ತ್ರಚಿಕಿತ್ಸೆ ನಿಮಗೆ ಬೇಡ. ಕೆಳಗೆ ಕೊಬ್ಬಿನ ಚೀಲ ಜೋತುಬಿದ್ದವರಿಗೆ ಅದು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲ ತಿಂಗಳು ಮೂಗಿಗೆ ಚಿಕಿತ್ಸೆ, ಕ್ರೀಮಿನಿಂದ ಬಿಡುಗಡೆ, ಸನ್‌ಸ್ಕ್ರೀನ್, ಡೈಗೆ ರಜೆ. ಸೀನು ನಿಂತು ಉಜ್ಜುವುದು ನಿಂತರೆ ಸಾಕಷ್ಟು ಬದಲಾವಣೆ ಆಗಲೇ ಕಾಣುತ್ತದೆ. ಚರ್ಮ ಸುಧಾರಿಸಿದರೆ ಎರಡನೇ ತಿಂಗಳು ಹಚ್ಚುವ ಔಷಧಿ. ಮೂರನೇ ತಿಂಗಳ ಹೊತ್ತಿಗೂ ಗುಳಿಯೇ ಮುಖ್ಯ ಅನ್ನಿಸಿದರೆ, ಊತ ಇಲ್ಲದಿದ್ದರೆ, ಆಗ ಒಂದೇ ಒಂದು ಸಿರಿಂಜ್ ಫಿಲ್ಲರ್. ಅದೂ ಮದುವೆಗೆ ಕನಿಷ್ಠ ಐದಾರು ವಾರ ಮುಂಚೆ. ಮದುವೆಯ ದಿನಕ್ಕೆ ಕಿತ್ತಳೆ ಬಣ್ಣದ ಕರೆಕ್ಟರ್ ಸ್ವಲ್ಪ, ಮೇಲೆ ಕನ್ಸೀಲರ್. ನೀಲಿಗಪ್ಪನ್ನು ಕಿತ್ತಳೆ ಮುಚ್ಚುತ್ತದೆ, ಡ್ರಾಯಿಂಗ್ ಮೇಷ್ಟ್ರನ್ನು ಕೇಳಿ. ಇನ್ನೂರು ಮುನ್ನೂರು ರೂಪಾಯಿಯ ಕೆಲಸ.

ಎಲ್ಲಿಗೇ ಹೋದರೂ ಗೋಡೆ ಮೇಲೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಇದೆಯೇ, ಸೂಜಿ ಹಿಡಿಯುವವರ ಹೆಸರಿನ ಮುಂದೆ ಚರ್ಮಶಾಸ್ತ್ರದ ಪದವಿ ಇದೆಯೇ ನೋಡಿ. ‘ಮೊದಲು–ನಂತರ’ ಫೋಟೋ ತೋರಿಸಿದರೆ ಮೂಗಿನ ನೆರಳು ನೋಡಿ. ಮೊದಲಿನದರಲ್ಲಿ ನೆರಳು ತುಟಿಯ ಮೇಲೆ ಬಿದ್ದು, ನಂತರದ್ದರಲ್ಲಿ ನೆರಳೇ ಇಲ್ಲದಿದ್ದರೆ ಬದಲಾಗಿದ್ದು ಲೈಟು.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗನಿಗೆ ಕಣ್ಣಿನ ಕೆಳಗೆ ಕಪ್ಪಾಗಿದೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾನೆ, ಬಾಯಿ ತೆರೆದು ಗೊರಕೆ ಹೊಡೆಯುತ್ತಾನೆ. ಅಂಗಡಿಯಲ್ಲಿ ಸಿಗುವ ಅಂಡರ್ ಐ ಕ್ರೀಮ್ ಹಚ್ಚಬಹುದಾ?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಕ್ರೀಮ್ ಬೇಡಮ್ಮ. ಬಾಯಿ ತೆರೆದು ಗೊರಕೆ ಹೊಡೆಯುವ ಮಗು ಚೆನ್ನಾಗಿ ನಿದ್ದೆ ಮಾಡುತ್ತಿಲ್ಲ, ನಿಮಗೆ ಹಾಗೆ ಕಾಣುತ್ತಿದೆ. ಮೂಗಿನ ಅಲರ್ಜಿ ಇರಬಹುದು, ಮೂಗಿನ ಹಿಂದಿನ ಅಡಿನಾಯ್ಡ್ ದಪ್ಪಗಾಗಿರಬಹುದು. ಮಕ್ಕಳ ಡಾಕ್ಟರಿಗೋ ಕಿವಿ ಮೂಗು ಗಂಟಲಿನ ಡಾಕ್ಟರಿಗೋ ತೋರಿಸಿ. ಅವರು ಮೂಗಿಗೆ ಸ್ಪ್ರೇ ಬರೆದುಕೊಟ್ಟರೆ ‘ಸ್ಟಿರಾಯ್ಡ್’ ಅಂತ ಗಾಬರಿಯಾಗಿ ಮೂಲೆಗಿಡಬೇಡಿ. ಅದು ಮೇಲಿನ ಪತ್ರದ ಕ್ರೀಮಿನ ಹಾಗಲ್ಲ, ವೈದ್ಯರು ಅಳತೆ ಹೇಳಿ ಕೊಡುವುದು. ಹಾಸಿಗೆ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇದ್ದರೆ ಅದನ್ನೂ. ಪ್ರೀತಿಯ ಜೊತೆ ದೂಳಿನ ಹುಳುವೂ ಅದರಲ್ಲಿ ವರ್ಷಗಳಿಂದ ಮನೆ ಮಾಡಿರುತ್ತದೆ.

ಪ್ರಶ್ನೆ: ವಯಸ್ಸು 66. ಒಂದು ಕಣ್ಣಿನ ಗ್ಲಾಕೋಮಾಗೆ (ಕಣ್ಣಿನ ಒತ್ತಡದ ಕಾಯಿಲೆ) ರಾತ್ರಿ ಒಂದು ಹನಿ ಔಷಧಿ ಬಿಡುತ್ತಿದ್ದೇನೆ. ಏಳೆಂಟು ತಿಂಗಳಿಂದ ಆ ಕಣ್ಣಿನ ಸುತ್ತ ಮಾತ್ರ ಕಪ್ಪಾಗಿದೆ, ರೆಪ್ಪೆಗೂದಲು ಉದ್ದವಾಗಿದೆ. ಮೊಮ್ಮಗಳು ‘ತಾತ ಒಂದೇ ಕಣ್ಣಿಗೆ ಮಸ್ಕಾರ ಹಾಕಿದ್ದಾರೆ’ ಅಂತ ನಗುತ್ತಾಳೆ. ಔಷಧಿ ನಿಲ್ಲಿಸಲೇ?
– ನಿವೃತ್ತ ನೌಕರರು, ಶಿವಮೊಗ್ಗ

ಉತ್ತರ: ಒಂದು ರಾತ್ರಿಯೂ ನಿಲ್ಲಿಸಬೇಡಿ ಸಾರ್. ಬಾಟಲಿಯ ಮೇಲೆ ಲಟಾನೊಪ್ರೋಸ್ಟ್, ಬಿಮಾಟೊಪ್ರೋಸ್ಟ್ ಅಥವಾ ಟ್ರಾವೊಪ್ರೋಸ್ಟ್ ಅಂತ ಇರಬೇಕು. ಈ ಗುಂಪಿನ ಹನಿಗಳು ಮಾಡುವ ಕೆಲಸವೇ ಅದು, ಸುತ್ತಲಿನ ಚರ್ಮ ಕಪ್ಪಾಗುತ್ತದೆ, ರೆಪ್ಪೆಗೂದಲು ಬೆಳೆಯುತ್ತದೆ. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳಿ ಬರುವುದಿಲ್ಲ, ಈ ಕಪ್ಪು ಔಷಧಿ ಬದಲಿಸಿದರೆ ತಿಂಗಳುಗಳಲ್ಲಿ ಬಹುಪಾಲು ಇಳಿಯುತ್ತದೆ. ಹನಿ ಬಿಟ್ಟ ಕೂಡಲೇ ಹೊರಗೆ ಹರಿದದ್ದನ್ನು ಸ್ವಚ್ಛ ಟಿಶ್ಯೂನಿಂದ ಒತ್ತಿ ತೆಗೆದು, ಐದು ನಿಮಿಷ ಬಿಟ್ಟು ಮುಖ ತೊಳೆದುಕೊಳ್ಳಿ. ಬೇರೆ ಹನಿ ಸಾಧ್ಯವೇ ಅಂತ ಕಣ್ಣಿನ ಡಾಕ್ಟರನ್ನು ಕೇಳಿ, ಆಗ ನಿಮಗೆ ದಮ್ಮು ಇದ್ದರೆ ಮರೆಯದೆ ಹೇಳಿ. ಕೆಲವು ಹನಿಗಳು ದಮ್ಮಿನವರಿಗೆ ಆಗುವುದಿಲ್ಲ. ಲೇಸರ್ ಗೀಸರ್ ಏನೂ ಬೇಡ.

ಪ್ರಶ್ನೆ: ನೈಟ್ ಶಿಫ್ಟ್ ಕೆಲಸ. ವಯಸ್ಸು 25. ಆಲೂಗಡ್ಡೆ ರಸ, ಸೌತೆಕಾಯಿ, ನಿಂಬೆರಸ, ಟೀ ಬ್ಯಾಗ್ ಇವುಗಳಲ್ಲಿ ಯಾವುದು ಉತ್ತಮ?
– ಒಬ್ಬ ಓದುಗ, ಬೆಂಗಳೂರು

ಉತ್ತರ: ಸೌತೆಕಾಯಿ ಕೋಸಂಬರಿಗೆ, ಆಲೂಗಡ್ಡೆ ಪಲ್ಯಕ್ಕೆ. ತಂಪು ಅನ್ನುವ ಕಾರಣಕ್ಕೆ ಸೌತೆಕಾಯಿ, ತಣ್ಣಗಿನ ಟೀ ಬ್ಯಾಗ್ ಊತವನ್ನು ಒಂದರ್ಧ ದಿನ ಇಳಿಸುತ್ತವೆ, ಫ್ರಿಜ್‌ನಲ್ಲಿಟ್ಟ ಚಮಚವೂ ಅದನ್ನೇ ಮಾಡುತ್ತದೆ. ನಿಂಬೆರಸ ಮಾತ್ರ ಬೇಡವೇ ಬೇಡ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟು ಕಪ್ಪಾಗುತ್ತದೆ. ನಿದ್ದೆಗೆಟ್ಟರೆ ಇರುವ ಕಪ್ಪು ಎದ್ದು ಕಾಣುತ್ತದೆ, ಇಲ್ಲದ ಕಂದು ಹುಟ್ಟುವುದಿಲ್ಲ. ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ, ತಲೆದಿಂಬು ಒಂದು ಗೇಣು ಎತ್ತರವಿರಲಿ.

ಪ್ರಶ್ನೆ: ನಮ್ಮ ಮನೆಯವರು ತೋಟದ ಕೆಲಸ ಮಾಡುತ್ತಾರೆ. ವಯಸ್ಸು 50. ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ಎಲ್ಲ ಕಪ್ಪಗೆ ದಪ್ಪಗಾಗಿ ತುರಿಸುತ್ತದೆ. ಪಟ್ಟಣದಲ್ಲಿ ಡಾರ್ಕ್ ಸರ್ಕಲ್ ಅಂತ ಹೇಳಿ ಫೇಶಿಯಲ್ ಮಾಡಿದರು, ಇನ್ನೂ ಜಾಸ್ತಿಯಾಯಿತು.
– ಒಬ್ಬ ಗೃಹಿಣಿ, ಚಳ್ಳಕೆರೆ

ಉತ್ತರ: ಇದು ಡಾರ್ಕ್ ಸರ್ಕಲ್ ಅಲ್ಲ ತಾಯಿ, ನೋಡದೆಯೇ ನನಗೆ ಕಾಂಗ್ರೆಸ್ ಗಿಡದ ಮೇಲೆ ಅನುಮಾನ. ಪಾರ್ಥೇನಿಯಂ ಹೂವಿನ ಪುಡಿ, ಒಣಗಿದ ಎಲೆಯ ದೂಳು ಗಾಳಿಯಲ್ಲಿ ಹಾರಿ, ತೆಳು ಚರ್ಮ ಎಲ್ಲಿದೆಯೋ ಅಲ್ಲಿ, ಬೆವರು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಕೂರುತ್ತದೆ. ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ಅಂತ ನೀವು ಬರೆದ ಸಾಲು ನಾವು ಪುಸ್ತಕದಲ್ಲಿ ಓದಿದ ಸಾಲಿನಂತೆಯೇ ಇದೆ. ಪ್ಯಾಚ್ ಟೆಸ್ಟಿನಲ್ಲಿ ಖಾತ್ರಿಯಾಗುತ್ತದೆ. ಅಲ್ಲಿಯವರೆಗೆ ಗಿಡವನ್ನು ಅವರು ಕೀಳುವುದು ಬೇಡ, ಬೇರೆಯವರು ಹೂ ಬಿಡುವ ಮುಂಚೆ, ಕೈಗೆ ಗವಸು ಹಾಕಿ ಕೀಳಲಿ, ಸುಡಬಾರದು. ತುಂಬುತೋಳಿನ ಅಂಗಿ, ಮುಖಕ್ಕೆ ಟವೆಲ್. ತೋಟದಿಂದ ಬಂದ ಕೂಡಲೇ ಸ್ನಾನ, ಬಟ್ಟೆ ಬೇರೆ ಒಗೆಯಿರಿ, ಒಗೆದದ್ದನ್ನು ಬೇಲಿಯ ಮೇಲೆ ಒಣಹಾಕಬೇಡಿ. ಜಿಲ್ಲಾಸ್ಪತ್ರೆಯ ಚರ್ಮ ವಿಭಾಗಕ್ಕೆ ಈ ವಾರವೇ ಕರೆದುಕೊಂಡು ಹೋಗಿ.

ಪ್ರಶ್ನೆ: ಮೇಡಂ, ತಪ್ಪು ತಿಳಿಯಬೇಡಿ. ಅಂಕಣದ ಜೊತೆ ಬರುವ ಫೋಟೋದಲ್ಲಿ ನಿಮ್ಮ ಕಣ್ಣಿನ ಕೆಳಗೂ ಕಪ್ಪಿದೆಯಲ್ಲ?
– ಓದುಗರೊಬ್ಬರು, ಸಾಗರ

ಉತ್ತರ: ಇದೆ. ಅಮ್ಮನಿಂದ ಬಂದದ್ದು, ಅಮ್ಮನಿಗೆ ಅವರ ತಾಯಿಯಿಂದ. ಅರ್ಧ ಮೆಲನಿನ್, ಅರ್ಧ ಗುಳಿ. ಬೆಳಿಗ್ಗೆ ಊದಿಕೊಳ್ಳುವ ಕಣ್ಣು ನನ್ನದು, ಹಾಗಾಗಿ ಫಿಲ್ಲರ್ ಹಾಕಿಸಿಕೊಂಡಿಲ್ಲ. ಸನ್‌ಸ್ಕ್ರೀನ್ ತಪ್ಪಿಸುವುದಿಲ್ಲ, ರೆಟಿನಾಲ್ ನೆನಪಾದ ರಾತ್ರಿ ಹಚ್ಚುತ್ತೇನೆ, ದಪ್ಪ ಫ್ರೇಮಿನ ಕನ್ನಡಕ ಬೇಕೆಂದೇ ಆರಿಸಿಕೊಂಡಿದ್ದೇನೆ. ಆ ಫೋಟೋ ತೆಗೆದ ಸ್ಟುಡಿಯೋದ ಹುಡುಗ ‘ಮೇಡಂ, ಕಣ್ಣ ಕೆಳಗಿಂದು ಒರೆಸಿಬಿಡ್ಲಾ?’ ಅಂದಿದ್ದ. ಬೇಡಪ್ಪ, ಚರ್ಮದ ಡಾಕ್ಟರಿನ ಫೋಟೋಗೆ ನೀನು ಚಿಕಿತ್ಸೆ ಕೊಡಬೇಡ ಅಂದಿದ್ದೆ. ಆದರೂ ಅವನ ಕೈ ತಡೆದಿಲ್ಲ. ಎಡಗಣ್ಣು ಸರಿಯಾಗಿ ನೋಡಿ, ಅರ್ಧ ಒರೆಸಿದ್ದಾನೆ.